ಸಿಂಬಳವೂ ಒಂದು ಪಾಠ

ತರಗತಿಗೆ ಮೂಗು ಸುರಿಸಿಕೊಂಡು ಬಂದ ಮಕ್ಕಳನ್ನು ನಾನು ಗದರಿಸಿ ನಲ್ಲಿಯ ಬಳಿಗೆ ಅಟ್ಟುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದು ಶುಚಿತ್ವದ ಪಾಠವೇ ಸರಿ. ಆದರೆ ಸಿಂಬಳವೆಂದರೆ ಬರಿಯ ಕೊಳಕು ಎಂಬ ಭಾವನೆಯನ್ನು ಬೇರೂರಿಸಿದ್ದು ನನ್ನ ತಪ್ಪು. ಅದನ್ನು ತಿದ್ದಿಕೊಳ್ಳಲೆಂದೇ ಈ ಬರಹ.

1921ರ ನವೆಂಬರ್ ತಿಂಗಳು. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರಿಗೆ ನೆಗಡಿಯಾಗಿತ್ತು. ಅವರು ತಮ್ಮದೇ ಸಿಂಬಳವನ್ನು ಗಾಜಿನ ತಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ತಟ್ಟೆಯ ತುಂಬ ಹಳದಿ ಬಣ್ಣದ ಬ್ಯಾಕ್ಟೀರಿಯಾಗಳು ಬೆಳೆದಿದ್ದವು. ಸಿಂಬಳದ ಸಮೀಪದಲ್ಲಿ ಮಾತ್ರ ಕರಗಿಹೋಗಿದ್ದವು. ಆ ಬ್ಯಾಕ್ಟೀರಿಯಾಗಳು ತುಂಬಿದ ಮಬ್ಬು ದ್ರವಕ್ಕೆ ಸಿಂಬಳ ಬೆರೆಸಿದಾಗ, ಕೆಲವೇ ನಿಮಿಷಗಳಲ್ಲಿ ಅದು ನೀರಿನಂತೆ ತಿಳಿಯಾಯಿತು.

ಇದೇ ಗುಣ ಕಣ್ಣೀರಿನಲ್ಲಿ, ಜೊಲ್ಲಿನಲ್ಲಿ, ಕೋಳಿಮೊಟ್ಟೆಯ ಬಿಳಿಭಾಗದಲ್ಲಿಯೂ ಕಂಡುಬಂದಿತು. ಕಣ್ಣೀರು ಸಾಲದೆ, ಫ್ಲೆಮಿಂಗ್ ಮತ್ತು ಅವರ ಸಹಾಯಕ ಆಲಿಸನ್ ನಿಂಬೆಯ ಸಿಪ್ಪೆಯನ್ನು ಕಣ್ಣಿಗೆ ಹಿಂಡಿಕೊಂಡು ಅತ್ತರಂತೆ! ಬ್ಯಾಕ್ಟೀರಿಯಾಗಳ ಹೊರಗೋಡೆಯನ್ನು ಕತ್ತರಿಸುವ ಈ ಕಿಣ್ವಕ್ಕೆ ವಿಭಾಗದ ಮುಖ್ಯಸ್ಥರಾದ ಆಲ್ಮ್‌ರಾತ್ ರೈಟ್ 'ಲೈಸೋಜೈಮ್' ಎಂದು ಹೆಸರಿಟ್ಟರು. 1922ರಲ್ಲಿ ಪ್ರಬಂಧ ಪ್ರಕಟವಾಯಿತು. ಆದರೆ ವಿದ್ವಾಂಸರು ಹೆಚ್ಚು ಗಮನ ಕೊಡಲಿಲ್ಲ. ಕಾರಣವೂ ಇತ್ತು. ಅಪಾಯಕಾರಿ ರೋಗಾಣುಗಳಲ್ಲಿ ಹಲವು ಇದಕ್ಕೆ ಜಗ್ಗುತ್ತಿರಲಿಲ್ಲ.

ಹಾಗೆಂದು ಶ್ರಮ ವ್ಯರ್ಥವಾಗಲಿಲ್ಲ. 1928ರಲ್ಲಿ ಬೂಸ್ಟು ಹಿಡಿದ ತಟ್ಟೆಯೊಂದರಲ್ಲಿ ಅಂತಹುದೇ ಖಾಲಿ ವಲಯ ಕಂಡಾಗ, ಅದನ್ನು ಗುರುತಿಸುವ ಕಣ್ಣು ಫ್ಲೆಮಿಂಗ್ ಅವರಿಗೆ ಆಗಲೇ ಪಳಗಿತ್ತು. ಪೆನ್ಸಿಲಿನ್ ದೊರೆತದ್ದು ಹಾಗೆ.

ಮೂಗಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಲ್ಲಿನ ಲೋಳೆ ಧೂಳನ್ನೂ ರೋಗಾಣುಗಳನ್ನೂ ಹಿಡಿದಿಡುತ್ತದೆ. ಸೂಕ್ಷ್ಮ ರೋಮಗಳು ಅದನ್ನು ಗಂಟಲಿನತ್ತ ತಳ್ಳುತ್ತವೆ. ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನು ಬ್ಯಾಕ್ಟೀರಿಯಾಗಳಿಗೆ ಬೇಕಾದ ಕಬ್ಬಿಣವನ್ನು ಕಸಿದುಕೊಳ್ಳುತ್ತದೆ. ಮೂಗಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾವೊಂದು 'ಲುಗ್ಡುನಿನ್' ಎಂಬ ಪ್ರತಿಜೈವಿಕವನ್ನು ತಯಾರಿಸುತ್ತದೆಂದು 2016ರಲ್ಲಿ ಜರ್ಮನಿಯ ಟ್ಯೂಬಿಂಗನ್ನಿನ ಸಂಶೋಧಕರು ತೋರಿಸಿದರು. ಮನೆಯ ಬಾಡಿಗೆದಾರನೇ ಕಾವಲುಗಾರನೂ ಆದಂತೆ!

ನೆಗಡಿಯನ್ನು ತರುವುದು ವೈರಸ್; ಪ್ರತಿಜೈವಿಕ ಮಾತ್ರೆ ಅದನ್ನು ಕೊಲ್ಲದು. ಅನವಶ್ಯಕವಾಗಿ ನುಂಗಿದರೆ ರೋಗಾಣುಗಳು ಮದ್ದನ್ನು ಮೀರಿ ನಿಲ್ಲಲು ಕಲಿಯುತ್ತವೆ. ಈ ಅಪಾಯವನ್ನು ಫ್ಲೆಮಿಂಗ್ ಅವರೇ 1945ರ ನೊಬೆಲ್ ಭಾಷಣದಲ್ಲಿ ಎಚ್ಚರಿಸಿದ್ದರು. ಆದ್ದರಿಂದ ನಿಮ್ಮ ಮಕ್ಕಳಿಗೆ ಸಾಮಾನ್ಯ ನೆಗಡಿಯಾದಾಗ ವೈದ್ಯರನ್ನು ಕೇಳದೆ ಅಂಗಡಿಯಿಂದ ಮಾತ್ರೆ ತರಬೇಡಿ. ಕರವಸ್ತ್ರ ಕೊಡಿ, ಗದರಿಸಬೇಡಿ. ಅವರ ಮೂಗು ತನ್ನ ಕೆಲಸವನ್ನು ಮಾಡುತ್ತಿದೆ.