ಕುಮಟೆಯಲ್ಲಿ ಬೆಳೆಯದ ಕುಮಟಾ ಹತ್ತಿ

ಹಿಂದಿನ ಶತಮಾನಗಳ ಹತ್ತಿ ವ್ಯಾಪಾರದಲ್ಲಿ ‘ಕುಮಟಾ’ ಎಂಬುದೊಂದು ಹೆಸರುವಾಸಿಯಾದ ತಳಿ. ಕುಮಟೆಯ ಕಡಲ ದಂಡೆಯಲ್ಲಿ ಹತ್ತಿ ಬೆಳೆಯುವುದಿಲ್ಲವೆಂಬುದು ಆ ಸೀಮೆಯನ್ನು ಕಂಡವರಿಗೆಲ್ಲ ಗೊತ್ತು. ಅದು ಬೆಳೆದದ್ದು ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ. ಹಡಗು ಹತ್ತಿಸಿದ ಬಂದರು ತನ್ನ ಹೆಸರನ್ನು ಬೆಳೆಗೆ ಕೊಟ್ಟಿತು. ಬೆಳೆದವನ ಊರನ್ನು ಯಾರೂ ಕೇಳಲಿಲ್ಲ.

ನಾನು ಹಾನಗಲ್ಲ ಸೀಮೆಯವನು. ಹತ್ತಿಯ ಚಕ್ಕಡಿಗಳು ನಮ್ಮೂರ ಹಾದಿಯಲ್ಲಿ ಶಿರಸಿಗೆ ಹೋಗಿ, ದೇವಿಮನೆ ಘಟ್ಟ ಇಳಿದು ಕುಮಟೆ ಸೇರುತ್ತಿದ್ದವೆಂದು ಹಿರಿಯರು ಹೇಳುತ್ತಿದ್ದರು. ನಮ್ಮ ಮುತ್ತಜ್ಜನೂ ಚಕ್ಕಡಿ ಹೂಡಿದವನೇ. ಹೋಗುವಾಗ ಅರಳೆಯ ಅಂಡಿಗೆ, ಬರುವಾಗ ಸಾಣಿಕಟ್ಟೆಯ ಉಪ್ಪು ಮತ್ತು ತೆಂಗಿನಕಾಯಿ. ಎರಡೂ ಕಡೆಯ ಬಾಡಿಗೆಯಲ್ಲಿ ಮನೆ ನಡೆಯುತ್ತಿತ್ತು.

ಅಂದು ಈ ಪ್ರದೇಶದ ನಕ್ಷೆ ಗೆರೆಗಳ ಗೋಜಲು. ಶಿಗ್ಗಾವಿ ಬಂಕಾಪುರ ತಾಲೂಕಿನ ಕಚೇರಿಯಿದ್ದ ಊರು. ಹಿರೇಕೆರೂರು ಕೋಡ ತಾಲೂಕಿನದು. ಹಿರೇಕೆರೂರಿನ ಆಚೆ ಮೈಸೂರು ಸಂಸ್ಥಾನ. ನಡುವೆ ಸವಣೂರು ನವಾಬರ ಪುಟ್ಟ ಸಂಸ್ಥಾನ. 1901ರಲ್ಲಿ ಅಲ್ಲಿದ್ದವರು 18,446 ಜನ. ಹತ್ತಿ ಮುಂಬಯಿ ಇಲಾಖೆಯದು, ಬಂದರು ಮದರಾಸು ಇಲಾಖೆಯದು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆ ಈ ಹತ್ತಿಯೇ ಇತ್ತು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದಿದ್ದ ಕಾಲ ಅದು. ಮ್ಯಾಂಚೆಸ್ಟರಿನ ಗಿರಣಿಗಳು ಹಸಿದಿದ್ದವು. ಕನ್ನಡಿಗರ ಕೂಗಿಗೆ ಅಳಿಸದ ಗೆರೆ ಗಿರಣಿಯ ಹಸಿವಿಗೆ ಅಳಿಸಿತೆಂಬುದನ್ನು ಇಲ್ಲಿ ನೆನೆಯದೆ ಇರಲಾರೆ.

ಇದಕ್ಕಿಂತ ದೊಡ್ಡ ಏಕೀಕರಣ ಮುಂದೆ ಬಂದಿತು. 1878ರ ಡಿಸೆಂಬರಿನಲ್ಲಿ ಬ್ರಿಟನ್ನಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಯಿತು. 1880ರಿಂದ ಗೋವೆಗೂ ಬ್ರಿಟಿಷ್ ಭಾರತಕ್ಕೂ ನಡುವಿನ ಸುಂಕದ ಗಡಿ ತೆರವಾಯಿತು. ಬದಲಿಗೆ ಗೋವೆಯ ಉಪ್ಪಿನ ಮೇಲೆ ಬ್ರಿಟಿಷರ ಹಿಡಿತ. ಅದಕ್ಕಾಗಿ ಪೋರ್ಚುಗೀಸರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ. ಮಾರ್ಮಗೋವಾ ಬಂದರಿನಿಂದ ಘಟ್ಟ ಹತ್ತುವ ರೈಲು ಈ ಒಪ್ಪಂದದ ಕೂಸು. 1888ರ ಹೊತ್ತಿಗೆ ಅದು ಓಡತೊಡಗಿತು. ಕಾರವಾರಕ್ಕೆ ಹಳಿ ಬರುವುದೆಂದು ಕಾದಿದ್ದವರು ಕಾದೇ ಕುಳಿತರು.

ಇಂಥ ಒಕ್ಕೂಟಗಳು ಹೊಸ ವ್ಯಾಪಾರವನ್ನು ಹುಟ್ಟಿಸಬಹುದು, ಇದ್ದ ವ್ಯಾಪಾರವನ್ನು ಬೇರೆಡೆಗೆ ತಿರುಗಿಸಲೂಬಹುದೆಂದು 1950ರಲ್ಲಿ ಅರ್ಥಶಾಸ್ತ್ರಜ್ಞ ಜೇಕಬ್ ವೈನರ್ ವಿವರಿಸಿದರು. ನಮ್ಮಲ್ಲಿ ಎರಡೂ ಆದವು. ಹತ್ತಿಗೆ ದೂರದ ಪೇಟೆ ಸಮೀಪವಾಯಿತು, ಅದು ಸುಳ್ಳಲ್ಲ. ಆದರೆ ಗಡಿ ತೆಗೆದವರು ಯಾರು, ಯಾವ ಸರಕಿಗಾಗಿ ಎಂಬ ಪ್ರಶ್ನೆ ಬಿಡದು. 1882ರಲ್ಲಿ ಬ್ರಿಟಿಷ್ ಸರಕಾರ ಆಮದು ಬಟ್ಟೆಯ ಮೇಲಿನ ಸುಂಕವನ್ನೇ ತೆಗೆದುಹಾಕಿತು. ಅರಳೆ ಹೋದ ಹಾದಿಯಲ್ಲಿಯೇ ಬಟ್ಟೆ ಮರಳಿ ಬರಲು ಅಡ್ಡಿಯಿಲ್ಲವಾಯಿತು. ಮಗ್ಗದ ಮುಂದೆ ಕುಳಿತವನನ್ನು ಆ ಒಪ್ಪಂದದಲ್ಲಿ ಯಾರೂ ಕೇಳಿರಲಿಲ್ಲ. ಉಪ್ಪಿಗೆ ಹೆಚ್ಚು ತೆತ್ತ ಗೋವೆಯ ಬಡವನನ್ನೂ ಕೇಳಿರಲಿಲ್ಲ.

1892ರಲ್ಲಿ ಒಪ್ಪಂದ ಮುಗಿದು ಸುಂಕದ ಗಡಿ ಮತ್ತೆ ತಲೆಯೆತ್ತಿತು. ಹಳಿ ಮಾತ್ರ ಅಲ್ಲಿಯೇ ಉಳಿಯಿತು. ಒಪ್ಪಂದವನ್ನು ರದ್ದುಮಾಡಬಹುದು, ಅದು ತಿರುಗಿಸಿದ ವ್ಯಾಪಾರ ಹಳೆಯ ಹಾದಿಗೆ ತಾನಾಗಿ ಮರಳದು. ಕುಮಟೆಗೆ ಹತ್ತಿಯ ಆ ವೈಭವ ಮತ್ತೆ ಬರಲೇ ಇಲ್ಲ.

ಉಳಿದ ಗೆರೆಗಳು ಅಳಿದದ್ದು ನಿಧಾನವಾಗಿ. 1948ರಲ್ಲಿ ಸವಣೂರು ಮುಂಬಯಿ ಪ್ರಾಂತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಹಿರೇಕೆರೂರಿನ ಅಂಚಿನ ಗಡಿ ಇಲ್ಲವಾಯಿತು. 2017ರ ಜುಲೈ 1ರಿಂದ ದೇಶಕ್ಕೆಲ್ಲ ಒಂದೇ ಸರಕು ಸೇವಾ ತೆರಿಗೆ. ಸವಣೂರಿನ ಎಲೆಬಳ್ಳಿ ನವಾಬಿಯ ಕಾಲದಂತೆ ಇಂದಿಗೂ ಪ್ರಸಿದ್ಧ.

ನಮ್ಮ ಮುತ್ತಜ್ಜ ರೈಲು ಬಂದ ಮೇಲೆ ಹಾವೇರಿ ಸ್ಟೇಷನ್ನಿಗೆ ಚಕ್ಕಡಿ ಹೊಡೆದನಂತೆ. ಹಾದಿ ಹತ್ತಿರ, ಬಾಡಿಗೆ ಕಡಿಮೆ. ಉಪ್ಪು ರೈಲಿನಲ್ಲಿಯೇ ಬರುತ್ತಿದ್ದುದರಿಂದ ಮರಳುವಾಗ ಚಕ್ಕಡಿ ಖಾಲಿ. ಎರಡು ಸುಗ್ಗಿ ಹಾಗೆ ನಡೆಸಿ ಒಂದು ಜೋಡಿ ಎತ್ತು ಮಾರಿದ.