ಮೂರು ಹರಳು ನೀರಾದ ಬಗೆ

ನನ್ನ ಅಜ್ಜನ ಮನೆ ಕಡಬದ ಕಡೆ. ಮಳೆಗಾಲದಲ್ಲಿ ಕುಮಾರಧಾರೆ ಉಕ್ಕಿದರೆ ಪುತ್ತೂರಿನ ವೈದ್ಯರು ಕೇವಲ ಆಚೆ ದಡದವರು. ಆಗ ಹೊಟ್ಟೆನೋವಿಗೆ ದಿಕ್ಕೆಂದರೆ ಅಮೃತಧಾರೆ. ಕರ್ಪೂರ, ಪುದೀನದ ಸತ್ವ, ಓಮದ ಸತ್ವ, ಈ ಮೂರು ಒಣ ಹರಳುಗಳನ್ನು ಅಜ್ಜ ಒಂದೇ ಸೀಸೆಗೆ ಹಾಕಿ ಕುಲುಕುವರು. ಒಲೆಯಿಲ್ಲ, ನೀರಿಲ್ಲ; ಸ್ವಲ್ಪ ಹೊತ್ತಿನಲ್ಲಿ ಒಳಗೆ ಎಣ್ಣೆಯಂಥ ದ್ರವ!

ಲಾಹೋರಿನಲ್ಲಿ ಹುಟ್ಟಿದ ಈ ಹೆಸರಿನ ಮದ್ದಿಗೂ 'ಲಕ್ಷ್ಮಣಧಾರಾ' ಎಂಬುದಕ್ಕೂ ವ್ಯಾಜ್ಯ ನಡೆದು, ಎರಡು ಹೆಸರೂ ಜನರನ್ನು ಭ್ರಮೆಗೊಳಿಸುವಷ್ಟು ಸಮೀಪವೆಂದು ಸುಪ್ರೀಂ ಕೋರ್ಟು 1962ರಲ್ಲಿ ಹೇಳಿತು. ನನಗೆ ಸೋಜಿಗವೆನಿಸುವುದು ಹೆಸರಲ್ಲ, ದ್ರವ. ಪುದೀನದ ಸತ್ವ ಕರಗಲು 42 ಡಿಗ್ರಿ ಸೆಲ್ಸಿಯಸ್, ಓಮದ ಸತ್ವಕ್ಕೆ 50, ಕರ್ಪೂರಕ್ಕೆ 175ಕ್ಕೂ ಮೇಲೆ ಬೇಕು. ಕೂಡಿದರೆ ಮನೆಯೊಳಗಿನ ಬಿಸಿಯೇ ಸಾಕು. ಒಂದೇ ಜಾತಿಯ ಅಣುಗಳು ಪೇರಿಸಿದ ಚೀಲಗಳಂತೆ ಸಾಲಾಗಿ ಕೂಡುತ್ತವೆ. ಅನ್ಯ ಅಣು ನಡುವೆ ಬಂದು ಕೈಹಿಡಿದರೆ ಸಾಲು ಕೆಡುತ್ತದೆ.

ಬೆಸುಗೆಯವರು ಇದನ್ನು ಎಂದೋ ಬಲ್ಲರು. ತವರ 232ಕ್ಕೆ, ಸೀಸ 327ಕ್ಕೆ ಕರಗಿದರೆ, ಹದವಾಗಿ ಬೆರೆತ ಎರಡೂ 183ಕ್ಕೇ ಕರಗುತ್ತವೆ. ಇದಕ್ಕೆ 'ಯೂಟೆಕ್ಟಿಕ್' ಎಂಬ ನಾಮಕರಣವಾದದ್ದು 1884ರಲ್ಲಿ. ಮಾಡಿದವರು ಇಂಗ್ಲೆಂಡಿನ ಫ್ರೆಡರಿಕ್ ಗತ್ರಿ. ಸುಲಭವಾಗಿ ಕರಗುವುದು ಎಂದರ್ಥ. ಆ ಗ್ರೀಕ್ 'ಯು'ವೂ ನಮ್ಮ 'ಸು'ವೂ ಒಡಹುಟ್ಟಿದವು. ಪಂಡಿತನಿಗೆ ಇಷ್ಟು ಸಂತೋಷ ಸಲ್ಲಲಿ.

2003ರಲ್ಲಿ ಲೆಸ್ಟರಿನ ಆಂಡ್ರ್ಯೂ ಆಬಟ್ ಮತ್ತು ಸಂಗಡಿಗರು ನಾವು ಅಡಿಕೆ ತೋಟಕ್ಕೆ ಹಾಕುವ ಯೂರಿಯಾವನ್ನೇ ಎತ್ತಿಕೊಂಡರು. ಅದು ಕರಗುವುದು 133ಕ್ಕೆ. ಜೊತೆಯ ಕೋಲೀನ್ ಕ್ಲೋರೈಡು 302ಕ್ಕೆ. ಕೂಡಿದ ದ್ರವವೋ 12 ಡಿಗ್ರಿಗೆ ಇಳಿಯುವ ತನಕ ಗಟ್ಟಿಯಾಗದು! ಬೇಗ ಆವಿಯಾಗದ, ಹೆಕ್ಸೇನಿನಂತೆ ಥಟ್ಟನೆ ಹೊತ್ತಿಕೊಳ್ಳದ ದ್ರಾವಕ ಅದು.

ಆದರೆ ಆವಿಯಾಗದ್ದನ್ನು ಮರಳಿ ಬೇರ್ಪಡಿಸುವುದು ಹೇಗೆ? ತೊಡಕು ಇಲ್ಲಿಯೇ. 2004ರಲ್ಲಿ ಟೋಕಿಯೋದ ಹಯಾಶಿ ಮತ್ತು ಹಮಾಗುಚಿ, ಕಬ್ಬಿಣವನ್ನು ಅಣುವಿನೊಳಗೇ ಹೊತ್ತ ಒಂದು ದ್ರವಲವಣ ಅಯಸ್ಕಾಂತಕ್ಕೆ ಓಗೊಡುವುದನ್ನು ತೋರಿಸಿದ್ದರು. ಕದಡಿದ ಕಬ್ಬಿಣದ ಪುಡಿಯಲ್ಲ ಅದು, ಆದುದರಿಂದ ತಳಕ್ಕಿಳಿಯದು. ಅದೇ ಜಾಡಿನಲ್ಲಿ 2017ರಲ್ಲಿ ಇರಾನಿನ ರಸಾಯನಶಾಸ್ತ್ರಜ್ಞರು ಕೋಲೀನ್ ಕ್ಲೋರೈಡು, ಫೀನಾಲು, ಫೆರಿಕ್ ಕ್ಲೋರೈಡು ಕೂಡಿಸಿದ ದ್ರಾವಕದಿಂದ ಎಣ್ಣೆಯೊಳಗಿನ ಗಂಧಕದ ಸಂಯುಕ್ತವನ್ನು ಹೀರಿಸಿ, ದ್ರಾವಕವನ್ನು ಅಯಸ್ಕಾಂತದಿಂದ ಒಂದೆಡೆ ಸೆಳೆದರು.

ಸೆಳೆತವೇನೂ ದೊಡ್ಡದಲ್ಲ, ಬಲವಾದ ಅಯಸ್ಕಾಂತ ಬೇಕು, ಪ್ರಮಾಣವೂ ತೊಟ್ಟುಗಳ ಲೆಕ್ಕದ್ದು. ಇಂಥ ದ್ರಾವಕಗಳಿಗೆ ನಿರಪಾಯವೆಂಬ ಬಿರುದನ್ನು ಅವಸರದಲ್ಲಿ ಕೊಡುವವರಿದ್ದಾರೆ. ನಾನು ಒಪ್ಪಲಾರೆ. ಫೆರಿಕ್ ಕ್ಲೋರೈಡು ತಾಮ್ರವನ್ನೇ ತಿನ್ನುವ ವಸ್ತು, ಫೀನಾಲು ವಿಷ. ನಾಳೆ ಸೊಪ್ಪು ಬೇರುಗಳ ಸಾರವನ್ನು ಹೀಗೆ ತೆಗೆಯುವವರು, ಅದರಲ್ಲಿ ಇವೆರಡೂ ಎಷ್ಟು ಉಳಿದಿವೆಯೆಂದು ಮೊದಲು ಅಳೆದು ತೋರಿಸಲಿ.