ಎರೆನೆಲದ ರಸ್ತೆ, ತಗ್ಗಿದ ಗಾಡಿ

ಮಸ್ಕಿ ಎಂದರೆ ಓದಿದವರಿಗೆ ನೆನಪಾಗುವುದು 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ. ಅದೇ ಊರನ್ನು ಹಾದುಹೋಗುವ ಲಿಂಗಸುಗೂರು–ಸಿಂಧನೂರು ರಸ್ತೆಗೂ ಒಂದು ಚರಿತ್ರೆಯಿದೆ. ಅದು ಗಾಡಿಗಳ ಚರಿತ್ರೆ.

ಇದು ಎರೆನೆಲ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಮಣ್ಣು. ಮೇಲೆ ಹಾಸಿದ ಡಾಂಬರೂ ಅದರೊಡನೆಯೇ ಏಳುತ್ತದೆ, ಕುಸಿಯುತ್ತದೆ. ಎತ್ತಿನ ಬಂಡಿಗೆ ಎತ್ತರದ ಗಾಲಿ ಬೇಕಾದದ್ದು ಕೆಸರಿನಲ್ಲಿ ಅಚ್ಚು ಹೂಳಬಾರದೆಂದೇ. ಬಂಡಿಗೆ ಬಣ್ಣ, ಎತ್ತಿಗೆ ಗೆಜ್ಜೆ, ಜೂಲು ಹಾಕುವ ಶೋಕಿ ಆಗಲೂ ಇತ್ತು. ಆದರೆ ಚೆಂದಕ್ಕಾಗಿ ಗಾಲಿಯನ್ನು ಚಿಕ್ಕದು ಮಾಡಿಸುವ ಯೋಚನೆ ರೈತನಿಗೆ ಬರುವಂತಿರಲಿಲ್ಲ.

ಜಪಾನಿನ ಗಾಡಿಗಳು ನಮ್ಮ ಕಡೆಗೆ ಹೆಚ್ಚಾಗಿ ಬಂದದ್ದು 1980ರ ದಶಕದಲ್ಲಿ. ಬೀದರಿಗೆ ಸಮೀಪದ ಝಹೀರಾಬಾದಿನಲ್ಲಿ ಆಲ್ವಿನ್ ನಿಸಾನ್ ಲಾರಿಗಳು ತಯಾರಾದವು. ಸುಝುಕಿಯ ತಂತ್ರಜ್ಞಾನದ ಮಾರುತಿ ವ್ಯಾನು 1984ರಲ್ಲಿ ಬಂತು. 2000ದಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಹೊರಬಂತು. ಎಂಟು ಹತ್ತು ಜನ ಕೂರಬಹುದಾದ ಗಾಡಿ. ಮದುವೆಯ ದಿಬ್ಬಣಕ್ಕೂ, ಕಲಬುರಗಿಯ ಬಂದೇನವಾಜರ ಉರುಸಿಗೂ, ರಾಯಚೂರಿನ ಆಸ್ಪತ್ರೆಗೂ ಅದೇ ಬೇಕಾಯಿತು. 2005ರಲ್ಲಿ ಇನ್ನೋವಾ ಬಂದು ಅದರ ತಯಾರಿಕೆ ನಿಂತಿತು.

ಈ ಕ್ವಾಲಿಸ್‌ನ ತವರು ಇಂಡೋನೇಷ್ಯಾ. ಅಲ್ಲಿ ಅದರ ಹೆಸರು ಕಿಜಾಂಗ್, ಅಂದರೆ ಜಿಂಕೆ. 1977ರಲ್ಲಿ ಅದು ಬರೀ ಸಾಮಾನು ಸಾಗಿಸುವ ಗಾಡಿ. ಊರೂರಿನ ಬಾಡಿ ಕಟ್ಟುವವರು ಅದಕ್ಕೆ ಮಾಡು, ಬಾಗಿಲು, ಸೀಟು ಕೂರಿಸಿ ಕುಟುಂಬದ ವ್ಯಾಗನ್ ಮಾಡಿದರು. ಈದುಲ್ ಫಿತ್ರ್‌ಗೆ ಜನ ಊರಿಗೆ ಮರಳಿದ್ದು ಅದರಲ್ಲೇ. ಗಾಡಿಯನ್ನು ನೆಲಕ್ಕೆ ತಗ್ಗಿಸಿ ಓಡಿಸುವ ಶೋಕಿಯೂ ಅಲ್ಲಿ ಬೆಳೆಯಿತು. ಅವರು ಅದನ್ನು ಚೆಪೆರ್ ಎಂದರು, ಜಪಾನೀಯರು ಶಾಕೋತಾನ್ ಎಂದರು. ಸರಿಯಾದ ಸ್ಪ್ರಿಂಗು, ಅದಕ್ಕೊಪ್ಪುವ ಶಾಕ್ ಅಬ್ಸಾರ್ಬರ್ ಹಾಕಿದರೆ, ನುಣುಪಾದ ರಸ್ತೆಯ ತಿರುವಿನಲ್ಲಿ ತಗ್ಗಿದ ಗಾಡಿ ಕಡಿಮೆ ವಾಲುತ್ತದೆ ಎಂಬುದೂ ನಿಜ.

ನಮ್ಮ ಗ್ಯಾರೇಜುಗಳ ಹುನರ್ ಬೇರೆ ದಾರಿ ಹಿಡಿದಿತ್ತು. ಬಂಪರಿಗೆ ಹೊಳಪಿನ ಪಟ್ಟಿ, ಕಿಟಕಿಗೆ ಪರದೆ, ಹಿಂಗಾಜಿನ ಮೇಲೆ ‘ಮಾಷಾ ಅಲ್ಲಾಹ್’ ಎಂದೋ ‘ಮಲ್ಲಯ್ಯನ ಕೃಪೆ’ ಎಂದೋ ಬರಹ. ಎತ್ತರದ ಮಾತು ಬಂದಾಗ ಮಿಸ್ತ್ರಿ ಪಾಟಾಕ್ಕೆ ಇನ್ನೊಂದು ಎಲೆ ಸೇರಿಸುತ್ತಿದ್ದ, ತೆಗೆಯುತ್ತಿರಲಿಲ್ಲ. ಹೊರೆ ಎಷ್ಟೆಂದು ಅವನಿಗೆ ಗೊತ್ತಿತ್ತು.

ಈಗಿನ ಹುಡುಗರು ಕೇಳುವುದು ತಗ್ಗಿದ ಗಾಡಿ. ಕ್ವಾಲಿಸ್‌ನ ಮುಂಭಾಗವನ್ನು ಹೊರುವುದು ಟಾರ್ಶನ್ ಬಾರ್ ಎಂಬ ತಿರುಚುವ ಸರಳು. ಅದರ ಬೋಲ್ಟ್ ಸಡಿಲಿಸಿದರೆ ಮೂತಿ ಇಳಿಯುತ್ತದೆ. ಹಿಂದಿನ ಪಾಟಾದ ಎಲೆ ತೆಗೆದರೆ ಹಿಂಭಾಗವೂ ಕೂರುತ್ತದೆ. ಅರ್ಧ ದಿನದ ಕೆಲಸ. ಆದರೆ ಹತ್ತು ಜನ ಹತ್ತಿದ ಮೇಲೆ ಚಕ್ರಕ್ಕೆ ಮೇಲೆ ಕೆಳಗೆ ಆಡಲು ಜಾಗವೆಲ್ಲಿ? ಟೈರು ಮಡ್ಗಾರ್ಡಿಗೆ ಉಜ್ಜುತ್ತದೆ, ಒಳ ಅಂಚು ಸವೆಯುತ್ತದೆ, ಉಬ್ಬು ಬಂದಾಗ ಆಯಿಲ್ ಚೇಂಬರಿಗೆ ಪೆಟ್ಟು ಬೀಳುತ್ತದೆ.

ಕಾನೂನೂ ಬಿಗಿಯಾಗಿದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ.

ಆದರೆ ದಂಡದ ಭಯವೊಂದೇ ಸಾಕೇ? ಆ ಗಾಡಿಯಲ್ಲಿ ಕೂರುವವರು ನಮ್ಮ ಅಮ್ಮಂದಿರು, ಬಾಣಂತಿಯರು, ಮಕ್ಕಳು. ಅವರ ಜೀವ ಮಿಸ್ತ್ರಿಯ ಕೈಯಲ್ಲಿರುವ ಅಮಾನತ್. ಇತ್ತ ಗಿರಾಕಿಯನ್ನು ವಾಪಸು ಕಳಿಸಿದರೆ ಅವನ ಮನೆಯ ಒಲೆಯ ಮಾತು. ಬಣ್ಣ, ಹೊಲಿಗೆ, ಬರಹದ ಶೋಕಿಗೆ ನಾವು ಕೈಬಿಚ್ಚಿ ಕಾಸು ಕೊಡೋಣ. ಪಾಟಾಕ್ಕೆ ಕೈ ಹಚ್ಚಲಾರೆ ಎನ್ನುವ ಧೈರ್ಯ ಅವನಿಗೆ ಆಗ ಬರುತ್ತದೆ.